ಉಣ್ಣದವಳ ಹಸಿವು

ನಮ್ಮ ಕೇರಿಯಲ್ಲಿ ಯಾರು ಎದುರಾದರೂ ಮೊದಲು ಕೇಳುವ ಮಾತು 'ಉಂಡ್ಯಾ?' ಅಂತ. ಚೆನ್ನಾಗಿದ್ದೀಯಾ ಅಂತ ಯಾರೂ ಕೇಳುವುದಿಲ್ಲ. ಉಂಡಿದ್ದರೆ ಚೆನ್ನಾಗಿದ್ದಾನೆ ಅಂತಲೇ ಲೆಕ್ಕ. ಈ ಮಾತಿಗೆ ನನ್ನ ತಂಗಿ ಹತ್ತಿರ ಹತ್ತಿರ ಮೂರು ವರ್ಷ ಸುಳ್ಳು ಹೇಳಿದಳು. 'ಉಂಡೆ ಕಣಣ್ಣ' ಅಂದಳು. ನಾನು ನಂಬಿದೆ. ಹಸಿವಿನ ಮೇಲೆ ಕವಿತೆ ಬರೆದು ಅಲ್ಲಿ ಇಲ್ಲಿ ಓದಿ ಚಪ್ಪಾಳೆ ತೆಗೆದುಕೊಂಡ ನಾನು, ಒಂದೇ ಸೂರಿನ ಕೆಳಗೆ ಹಸಿದು ಕೂತವಳನ್ನು ಕಾಣಲಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮುಂಚೆ ಅವಳನ್ನು ಕೇಳಿದೆ. ಎರಡು ಷರತ್ತು ಹಾಕಿದಳು. ಹೆಸರು ಬರೆಯಬಾರದು. ತೂಕ ಬರೆಯಬಾರದು. ಎಷ್ಟಕ್ಕೆ ಇಳಿದಿದ್ದಳು, ದಿನಕ್ಕೆ ಎಷ್ಟು ತಿನ್ನುತ್ತಿದ್ದಳು, ಯಾವ ಅಂಕಿಯೂ ಬೇಡ. ಯಾಕೆ ಅಂದೆ. 'ಇದೇ ಕಾಯಿಲೇಲಿರೋ ಇನ್ನೊಬ್ಳು ಓದುದ್ರೆ ನಾನು ಇವ್ಳಿಗಿಂತ ಇನ್ನೂ ಇಳೀಬೇಕು ಅನ್ಕತಾಳೆ. ನಾನೂ ಹಂಗೇ ಅನ್ಕತಿದ್ದೆ' ಅಂದಳು. ಈ ಕಾಯಿಲೆಯ ಬಗ್ಗೆ ಆಮೇಲೆ ನಾನು ಓದಿದ ಯಾವ ಪುಟವೂ ನನಗೆ ಇಷ್ಟನ್ನು ಕಲಿಸಲಿಲ್ಲ.

ನಮ್ಮದು ನಾಗಮಂಗಲ ಕಡೆಯ ಮಳೆ ನಂಬಿದ ಊರು. ಮಂಡ್ಯ ಜಿಲ್ಲೆ ಅಂದ ತಕ್ಷಣ ಜನ ಕಬ್ಬು, ನಾಲೆ, ಹಸಿರು ಅಂದುಕೊಳ್ಳುತ್ತಾರೆ. ಆ ನಾಲೆ ನಮ್ಮೂರಿಗೆ ಬಂದಿಲ್ಲ. ಅಜ್ಜಿ ಗೌಡರ ಹಿತ್ತಲಲ್ಲಿ ನಿಂತು ಸೆರಗೊಡ್ಡಿ ತಂದ ತಂಗಳು ಮುದ್ದೆ ಉಂಡು ಅಪ್ಪ ಬೆಳೆದ. ಅಪ್ಪನದು ಮೂರನೇ ಕ್ಲಾಸು, ಅವ್ವನದು ಹೆಬ್ಬೆಟ್ಟು. ನಾನು ಶಾಲೆ ಬಿಡದೆ ಓದಿದ್ದಕ್ಕೆ ಕಾರಣ ವಿದ್ಯೆಯ ಹಂಬಲ ಅಂತ ಸಭೆಗಳಲ್ಲಿ ಹೇಳುತ್ತೇನೆ. ನಿಜವಾದ ಕಾರಣ ಬಿಸಿಯೂಟ. ಆಮೇಲೆ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು. ಡಿಗ್ರಿ ಮುಗಿಸಿದ ನಮ್ಮ ವಂಶದ ಮೊದಲ ತಲೆ ನಾನು. ಎರಡನೆಯದು ಅವಳಾಗಬೇಕಿತ್ತು. 2019ರಲ್ಲಿ ಮೈಸೂರಿಗೆ ಬಿ.ಎಸ್‌ಸಿ. ಸೇರಿದಳು. ನಮ್ಮ ಕೇರಿಯಿಂದ ಸೈನ್ಸು ತೆಗೆದುಕೊಂಡ ಮೊದಲನೇ ಹೆಣ್ಣುಮಗಳು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಊರಿಗೆ ಬಂದಳು. ಇಳಿದುಹೋಗಿದ್ದಳು. 'ಹಾಸ್ಟೆಲ್ ಊಟ ಹಿಂಗೇ ಅಲ್ವಾ' ಅಂದ ಅವ್ವ ತಿದ್ದಿ ತೀಡಿ ಸರಿಮಾಡ್ತೀನಿ ಅಂದುಕೊಂಡಳು. ಆದರೆ ಅಡಿಗೆಯ ಕೋಣೆಯನ್ನು ತಂಗಿಯೇ ಹಿಡಿದುಬಿಟ್ಟಳು. ಬೆಳಗಾಗೆದ್ದು ರೊಟ್ಟಿ, ಮಧ್ಯಾಹ್ನ ಮುದ್ದೆ-ಬಸ್ಸಾರು, ರಾತ್ರಿ ಏನಾದರೊಂದು ಹೊಸದು. ಇದ್ದುದರಲ್ಲೇ ರುಚಿ ಹುಟ್ಟಿಸುತ್ತಿದ್ದಳು. ಎಲ್ಲರಿಗೂ ಬಲವಂತ ಮಾಡಿ ಇಕ್ಕುತ್ತಿದ್ದಳು. ರಾತ್ರಿ ಚಾಪೆಯ ಮೇಲೆ ಮಲಗಿ ಫೋನಿನಲ್ಲಿ ಅಡಿಗೆಯ ವಿಡಿಯೋ ನೋಡುತ್ತಿದ್ದಳು, ಒಂದಾದ ಮೇಲೆ ಒಂದು, ಕೋಳಿ ಕೂಗುವ ತನಕ. ಅವಳು ಮಾತ್ರ ನಮ್ಮ ಜೊತೆ ಕೂರುತ್ತಿರಲಿಲ್ಲ. 'ಆಮೇಲ್ ಉಣ್ತೀನಿ' ಅನ್ನೋಳು. ಗೆಳೆಯರೆ, ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ. ಗಂಡಸರು ಕೈ ತೊಳೆದು ಬೀಡಿ ಹಚ್ಚಿದ ಮೇಲೆ ಅವರ ತಟ್ಟೆಗೆ ಏನು ಬಿತ್ತು ಅಂತ ನೋಡುವ ಗಂಡಸು ನಮ್ಮ ಕೇರಿಯಲ್ಲಿ ಹುಟ್ಟಿಲ್ಲ. ಸಮಾನತೆ ಅಂತ ಮೈಕು ಹಿಡಿಯುವ ನಾನೂ ನೋಡಲಿಲ್ಲ. ಒಂದು ಹೆಣ್ಣು ಉಣ್ಣದೆ ಇರಬೇಕು ಅಂತ ಹಟ ಹಿಡಿದರೆ ಅವಳಿಗೆ ನಮ್ಮ ಮನೆಗಳಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ.

2021ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಒಂದು ಕವಿಗೋಷ್ಠಿ. ನಾನು ಓದಿದ ಕವಿತೆಯಲ್ಲಿ ಮೈ ಸಣ್ಣ ಮಾಡಿಕೊಳ್ಳಲು ಅನ್ನ ಬಿಡುವ ಉಳ್ಳವರ ಮನೆಯ ಹುಡುಗಿಯರನ್ನೂ ಅನ್ನವಿಲ್ಲದೆ ಸಣ್ಣಗಾದ ನಮ್ಮ ಹುಡುಗಿಯರನ್ನೂ ಎದುರುಬದುರು ನಿಲ್ಲಿಸಿದ್ದೆ. ಉಳ್ಳವರ ಉಪವಾಸವನ್ನು ಲೇವಡಿ ಮಾಡಿದ್ದೆ. ಜನ ನಕ್ಕರು, ಆಮೇಲೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ತಂಗಿ ಕೂತಿದ್ದಳು. ಶಿವರಾತ್ರಿ ಹತ್ತಿರದ ಬಿಸಿಲು, ಫ್ಯಾನ್ ಸಾಲದೆ ಜನ ಪುಸ್ತಕದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಅವಳು ಸ್ವೆಟರ್ ಹಾಕಿಕೊಂಡು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ 'ಚೆನ್ನಾಗಿತ್ತು ಕಣಣ್ಣ' ಅಂದು ಕಿಟಕಿಯ ಆಚೆ ನೋಡುತ್ತಾ ಕೂತಳು. ಆ ಕವಿತೆಯನ್ನು ನಾನು ಆಮೇಲೆ ಎಲ್ಲೂ ಓದಿಲ್ಲ.

ಕಾಯಿಲೆ ಅಂತ ಗೊತ್ತಾಗುವ ಹೊತ್ತಿಗೆ ಅವಳ ತಲೆಗೂದಲು ಹಿಡಿ ಹಿಡಿ ಬರುತ್ತಿತ್ತು. ಕೈ ಮೇಲೆ, ಬೆನ್ನ ಮೇಲೆ ಹಸುಗೂಸಿಗೆ ಇರುವಂಥ ನವಿರು ಕೂದಲು ಬೆಳೆದಿತ್ತು. ಉಗುರು ನೀಲಿ. ಮುಟ್ಟು ನಿಂತು ತಿಂಗಳುಗಳಾಗಿತ್ತು. ಇದನ್ನು ಅವ್ವ ಯಾರಿಗೂ ಹೇಳದೆ ಒಳಗೇ ಬೆಂದಳು. ಮದುವೆಯಾಗದ ಹುಡುಗಿಗೆ ಮುಟ್ಟು ನಿಂತರೆ ಕೇರಿ ಏನು ಮಾತಾಡುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾತಾಡಿದರು. ಮೊದಲು ಹೋದ ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದ ಮೊದಲ ಪ್ರಶ್ನೆಯೂ ಅದೇ. ಅದಲ್ಲ ಅಂತ ಖಾತ್ರಿಯಾದ ಮೇಲೆ ಕ್ಷಯ ಇರಬಹುದು ಅಂತ ಕಫ ತೆಗೆದುಕೊಂಡರು, ಎದೆಯ ಫೋಟೋ ತೆಗೆದರು. ಇಲ್ಲ. ಹೊಟ್ಟೆ ಸ್ಕ್ಯಾನಿಂಗ್. ಇಲ್ಲ. 'ರಕ್ತ ಇಲ್ಲ' ಅಂತ ಕಬ್ಬಿಣದ ಮಾತ್ರೆ, ಟಾನಿಕ್ಕು. ಒಬ್ಬ ಡಾಕ್ಟರು ರೇಷನ್ ಕಾರ್ಡು ನೋಡಿ ಅಪ್ಪನನ್ನು ಕೇಳಿದರು: 'ಮನೇಲಿ ಊಟಕ್ಕೆ ಕಷ್ಟಾನಾ?' ಅಪ್ಪ ತಲೆ ತಗ್ಗಿಸಿಕೊಂಡು ಬಂದ. ಆಳುದ್ದದ ಆ ಮನುಷ್ಯ ಮಕ್ಕಳಿಗೆ ಎರಡು ಹೊತ್ತು ಇಕ್ಕುವುದಕ್ಕೇ ಬದುಕೆಲ್ಲ ಸವೆಸಿದವನು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅಂದ: 'ಹೊಟ್ಟೆಗಿಲ್ದೆ ಸತ್ತೋರ ನೋಡಿವ್ನಿ ಕಣ್ಲಾ. ಹೊಟ್ಟೆಗಿದ್ದೂ ಸಾಯೋರ ನೋಡಿರ್ಲಿಲ್ಲ.'

ಆ ಡಾಕ್ಟರನ್ನು ನಾನು ಪೂರ್ತಿ ಬೈಯಲಾರೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 19 ಜನ ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ನೂರಕ್ಕೆ 57 ಜನರಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಬಡವರ ಮನೆಯ ಹುಡುಗಿ ಎಲುಬು ಬಿಟ್ಟುಕೊಂಡು ಬಂದರೆ ಅದನ್ನು ಕಾಯಿಲೆ ಅಂತ ಯಾರು ಗುರುತಿಸುತ್ತಾರೆ? ನಮ್ಮ ಬಡತನವೇ ಅವಳ ಕಾಯಿಲೆಗೆ ಕಂಬಳಿ ಹೊದಿಸಿತ್ತು. ನಡುವೆ ಒಬ್ಬ ತಾಯತ ಕಟ್ಟಿದ, ಒಬ್ಬ ಬೇವಿನ ಸೊಪ್ಪಿನಲ್ಲಿ ಹೊಡೆದ. ಅದನ್ನು ಬರೆಯಲು ಮನಸ್ಸಿಲ್ಲ.

2021ರ ನವೆಂಬರಿನಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದಳು. ಅಲ್ಲಿಂದ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿ, ಕೊನೆಗೆ 2022ರ ಜನವರಿಯಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನಮ್ಮನ್ನು ಒಳಕ್ಕೆ ಕರೆದು 'ಅನೊರೆಕ್ಸಿಯಾ ನರ್ವೋಸಾ' ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ಬಿ.ಎ. ಓದಿದವನಲ್ಲವೆ? ನನಗೂ ಗೊತ್ತಿರಲಿಲ್ಲ. ಅವ್ವ ಆಮೇಲೆ ತಾನೇ ಅದಕ್ಕೆ ಹೆಸರಿಟ್ಟಳು: ಉಣ್ಣದ ಕಾಯಿಲೆ.

ಅವ್ವ ಇಟ್ಟ ಹೆಸರೇ ಸರಿ ಅಂತ ಓದುತ್ತಾ ಓದುತ್ತಾ ನನಗೆ ಅನ್ನಿಸಿತು. ಅನೊರೆಕ್ಸಿಯಾ ಅಂದರೆ ಗ್ರೀಕಿನಲ್ಲಿ ಹಸಿವೆಯಿಲ್ಲದಿರುವುದು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಹೆಸರು ಕೊಟ್ಟ. ಅದೇ ವರ್ಷ ಪ್ಯಾರಿಸಿನಲ್ಲಿ ಲಾಸೆಗ್ ಎಂಬ ಇನ್ನೊಬ್ಬ ವೈದ್ಯನೂ ಇದೇ ಕಾಯಿಲೆಯನ್ನು ಬಣ್ಣಿಸಿದ. ಆದರೆ ಹೆಸರು ಸುಳ್ಳು ಹೇಳುತ್ತದೆ. ಹಸಿವು ಸತ್ತಿರುವುದಿಲ್ಲ. ಬಹಳ ಜನರಲ್ಲಿ ಅದು ಬಹಳ ಕಾಲ ಇದ್ದೇ ಇರುತ್ತದೆ, ಅದನ್ನು ದಿನವೂ ತುಳಿದು ನಿಲ್ಲುವುದೇ ಕಾಯಿಲೆ. 'ಹಸೀತಿತ್ತಾ?' ಅಂತ ಒಂದು ದಿನ ಕೇಳಿದೆ. 'ಹಸಿವು ಬಿಟ್ರೆ ಇನ್ನೇನೂ ಇರ್ಲಿಲ್ಲ ಕಣಣ್ಣ' ಅಂದಳು.

ಇದು ಹೊಸ ಕಾಲದ, ಟಿ.ವಿ. ಜಾಹೀರಾತಿನ ಕಾಯಿಲೆ ಅಂತ ತಿಳಿದಿದ್ದೆ. ಅದೂ ತಪ್ಪು. ಗಲ್‌ಗಿಂತ ಇನ್ನೂರು ವರ್ಷ ಹತ್ತಿರ ಮುಂಚೆ, 1689ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಕ್ಷಯದ ಮೇಲೆ ಬರೆದ ಪುಸ್ತಕದಲ್ಲಿ ಎರಡು ರೋಗಿಗಳ ಕತೆ ಬರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ಉಣ್ಣದೆ ಸವೆದುಹೋಗುವ ಒಂದು ಬಗೆಯ ಕ್ಷಯ ಅದು. ಒಬ್ಬಳು ಹದಿನೆಂಟರ ಹುಡುಗಿ; ಮದ್ದು ಬೇಡ ಅಂದಳು, ಸತ್ತಳು. ಇನ್ನೊಬ್ಬ ಹದಿನಾರರ ಹುಡುಗ. ಹುಡುಗರಿಗೂ ಬರುತ್ತದೆ ಅನ್ನುವುದು ಅವತ್ತಿನಿಂದಲೇ ದಾಖಲಾಗಿದೆ, ಇವತ್ತಿಗೂ ನಾವು ಹುಡುಗರಲ್ಲಿ ಹುಡುಕುವುದಿಲ್ಲ. ನನ್ನ ತಂಗಿಗೂ ಮೊದಲು ಕ್ಷಯದ ಪರೀಕ್ಷೆಯೇ ಆದದ್ದು. ಮುನ್ನೂರು ವರ್ಷ ಕಳೆದರೂ ಬಾಗಿಲು ಅದೇ. ಇನ್ನೂ ಹಿಂದೆ, ಇಟಲಿಯ ಸಿಯೆನಾದ ಕ್ಯಾಥರೀನ್ ದೇವರ ಹೆಸರಲ್ಲಿ ಅನ್ನ ಬಿಡುತ್ತಾ ಬಿಡುತ್ತಾ 1380ರಲ್ಲಿ, ಮೂವತ್ತಮೂರಕ್ಕೆ ತೀರಿಕೊಂಡಳು. ಚರ್ಚು ಅವಳನ್ನು ಸಂತಳೆಂದು ಸಾರಿತು. ಅವಳದೂ ಇದೇ ಕಾಯಿಲೆಯೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. 1983ರಲ್ಲಿ ಅಮೆರಿಕದ ಹಾಡುಗಾರ್ತಿ ಕ್ಯಾರೆನ್ ಕಾರ್ಪೆಂಟರ್ ಮೂವತ್ತೆರಡಕ್ಕೆ ಹೃದಯ ನಿಂತು ಸತ್ತ ಮೇಲೆ ಆ ದೇಶದ ಸಾಮಾನ್ಯ ಜನಕ್ಕೆ ಈ ಹೆಸರು ಕಿವಿಗೆ ಬಿತ್ತು.

ನನ್ನ ಕಣ್ಣು ತೆರೆಸಿದ್ದು ಇದ್ಯಾವುದೂ ಅಲ್ಲ, ಮಿನೆಸೋಟದ ಕತೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಂಡಸರನ್ನು ಕೂಡಿಸಿದ. ಕೊಲ್ಲುವುದಿಲ್ಲ ಅಂತ ಬಂದೂಕು ಹಿಡಿಯಲು ಒಪ್ಪದ ಯುವಕರು ಅವರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿ ಅಂತ ಆರಿಸಿ ತೆಗೆದವರು. ಯುರೋಪಿನಲ್ಲಿ ಹಸಿದವರನ್ನು ಹೇಗೆ ಮತ್ತೆ ಎಬ್ಬಿಸುವುದು ಅಂತ ತಿಳಿಯಲು ಇವರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಆಲೂಗಡ್ಡೆ, ಬ್ರೆಡ್ಡು, ಗೆಡ್ಡೆಗೆಣಸು. ತೂಕದಲ್ಲಿ ಕಾಲು ಭಾಗ ಇಳಿದರು. (ಹಿಂದಿನ ವರ್ಷ, 1943ರಲ್ಲಿ, ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿದು ಸತ್ತಿದ್ದರೆಂದು ಅಂದಾಜು. ಅವರನ್ನು ಯಾರೂ ಆರಿಸಿರಲಿಲ್ಲ, ಯಾರೂ ತೂಗಲಿಲ್ಲ.)

ಆ ಗಟ್ಟಿ ಗಂಡಸರಿಗೆ ಏನಾಯಿತು ನೋಡಿ. ಅನ್ನದ ಹೊರತು ಬೇರೆ ಯೋಚನೆ ಇಲ್ಲವಾಯಿತು. ಅಡಿಗೆಯ ಪುಸ್ತಕ ಕೂಡಿಹಾಕಿಕೊಂಡು ಓದುತ್ತಾ ಕೂತರು. ಸಿಕ್ಕ ಊಟವನ್ನು ಚೂರು ಚೂರು ಮಾಡಿ, ಕಲೆಸಿ, ಗಂಟೆಗಟ್ಟಲೆ ಎಳೆದರು. ತಟ್ಟೆ ನೆಕ್ಕಿದರು. ಬೇಸಿಗೆಯಲ್ಲಿ ಚಳಿ ಅಂದರು. ಗೆಳೆಯರು ಬೇಡವಾದರು, ಹೆಣ್ಣು ಬೇಡವಾಯಿತು, ನಗು ಬತ್ತಿತು, ಸಣ್ಣದಕ್ಕೆ ಸಿಟ್ಟು. ಒಬ್ಬ ಕೊಡಲಿಯಿಂದ ತನ್ನ ಬೆರಳುಗಳನ್ನೇ ಕತ್ತರಿಸಿಕೊಂಡ. ಬೇಕಂತಲೇ ಮಾಡಿದೆನೋ ಇಲ್ಲವೋ ಅಂತ ಅವನಿಗೇ ಹೇಳಲಾಗಲಿಲ್ಲ. ಇವರಿಗೆ ಯಾವ ಮನೋರೋಗವೂ ಇರಲಿಲ್ಲ. ಬರೀ ಹಸಿವು ಇತ್ತು.

ಇದನ್ನು ಓದುವಾಗ ನನಗೆ ಕಂಡದ್ದು ಚಾಪೆಯ ಮೇಲೆ ಫೋನಿನ ಬೆಳಕಿನಲ್ಲಿ ಅಡಿಗೆಯ ವಿಡಿಯೋ ನೋಡುತ್ತಿದ್ದ ತಂಗಿ. ಮುದ್ದೆಯನ್ನು ಗೋಲಿಯಷ್ಟು ಮಾಡಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದ ತಂಗಿ. ಅವಳ ಹಟ, ಅವಳ ಕೊಬ್ಬು ಅಂತ ನಾವು ಬೈದದ್ದರಲ್ಲಿ ಅರ್ಧ ಹಸಿವಿನ ಕೆಲಸವಾಗಿತ್ತು. ಹಸಿವು ಮೊದಲು ಮೈ ತಿನ್ನುತ್ತದೆ, ಆಮೇಲೆ ತಲೆಗೆ ಕೈ ಹಾಕುತ್ತದೆ. ತಲೆ ಸೊರಗಿದಷ್ಟೂ ಕಾಯಿಲೆಯ ಮಾತು ಜೋರಾಗುತ್ತದೆ, ಇನ್ನೂ ಕಡಿಮೆ ಉಣ್ಣುತ್ತಾರೆ. ಹಾಗಾಗಿ ಬುದ್ಧಿವಾದ ಇಳಿಯುವುದಿಲ್ಲ. ಮೇಡಂ ನಮಗೆ ಹೇಳಿದ್ದೂ ಅದೇ: 'ಇದಕ್ಕೆ ಅಂತ ಒಂದು ಮಾತ್ರೆ ಇಲ್ಲ. ಮೊದಲನೇ ಔಷಧಿ ಊಟ. ಮಾತು ಆಮೇಲೆ.'

ಮೈಗೆ ಆಗುವುದನ್ನು ಒಂದಿಷ್ಟು ಹೇಳಬೇಕು. ಬರುವ ಅನ್ನ ಸಾಲದಾದಾಗ ಮೈ ಒಲೆಯ ಉರಿ ತಗ್ಗಿಸುತ್ತದೆ. ಎದೆಬಡಿತ ನಿಧಾನವಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ನಿಂತರೆ ಕಣ್ಣು ಕತ್ತಲೆ. ಮುಟ್ಟು ನಿಲ್ಲುತ್ತದೆ. ಬೆಳೆಯುವ ವಯಸ್ಸಿನಲ್ಲಿ ಗಟ್ಟಿಯಾಗಬೇಕಾದ ಮೂಳೆ ಟೊಳ್ಳಾಗುತ್ತದೆ, ಆ ನಷ್ಟ ಎಷ್ಟೋ ಸಲ ಪೂರ್ತಿ ತುಂಬುವುದೇ ಇಲ್ಲ. ಹೃದಯದ ಮಾಂಸವೂ ಕರಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಬಡಿತ ತಾಳ ತಪ್ಪಿ ಒಂದೇ ಗಳಿಗೆಯಲ್ಲಿ ಜೀವ ಹೋಗಬಹುದು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದು ನಿಲ್ಲುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ, ಸತ್ತ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಶೋಕಿಗೆ ಯಾರೂ ಹೀಗೆ ಸಾಯುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲ ದಿನ ಅವಳಿಗೆ ಕೊಟ್ಟ ಊಟ ನೋಡಿ ಅವ್ವ ಜಗಳಕ್ಕೇ ನಿಂತಳು. 'ಇಷ್ಟ್ ದಿನ ಉಪಾಸ ಇದ್ದೋಳ್ಗೆ ಇಷ್ಟೇಯಾ?' ಅಂತ. ಡಾಕ್ಟರು ಬಿಡಿಸಿ ಹೇಳಿದರು: ಬಹಳ ದಿನ ಹಸಿದ ಮೈಗೆ ಒಂದೇ ಸಲ ತುಂಬಿಸಿದರೆ ರಕ್ತದ ಉಪ್ಪಿನಂಶಗಳು, ಅದರಲ್ಲೂ ಫಾಸ್ಫೇಟು, ದಿಢೀರನೆ ಕುಸಿದು ಹೃದಯ ನಿಲ್ಲಬಹುದು. ಅದಕ್ಕೇ ಬಿ-ವಿಟಮಿನ್ ಕೊಟ್ಟು, ರಕ್ತ ಪರೀಕ್ಷಿಸುತ್ತಾ, ಹಂತ ಹಂತವಾಗಿ ಏರಿಸಬೇಕು. ಆ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದವರಲ್ಲಿ ಹೊಟ್ಟೆತುಂಬ ಉಂಡು ಸತ್ತವರಿದ್ದರು. ಫೋನಿನಲ್ಲಿ ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. 'ಬರದಲ್ಲಿ ಹಸ್ದಿದ್ದೋನ್ಗೆ ಒಂದೇ ಸತಿ ಮುದ್ದೆ ಇಕ್ಕುದ್ರೆ ಸತ್ತೋಯ್ತಾನೆ ಕಣ್ಲಾ. ಗಂಜಿ ತಿಳಿ ಕುಡುಸ್ಬೇಕು, ಒಂದೊಂದೇ ಲೋಟ. ಇದ ಯೋಳಕ್ಕೆ ಬೆಂಗ್ಳೂರ್‌ಗೋಗ್ಬೇಕಾ?' ಅಂದಳು.

ಯಾಕೆ ಶುರುವಾಯಿತು? ಈ ಪ್ರಶ್ನೆಗೆ ನನ್ನ ಬಳಿ ಒಂದು ಸಿದ್ಧ ಉತ್ತರ ಇತ್ತು, ಜಾತಿ. ಅವಳು ಹೇಳಿದ್ದೂ ಆ ಉತ್ತರಕ್ಕೆ ಹತ್ತಿರವೇ ಇತ್ತು. ಕಾಲೇಜಿನ ಮೊದಲ ತಿಂಗಳು ಊಟದ ಹೊತ್ತಿನಲ್ಲಿ ಅವಳು ಇನ್ನೊಂದು ಸಲ ಬಡಿಸಿಕೊಳ್ಳಲು ಎದ್ದಾಗ ಜೊತೆಯವಳೊಬ್ಬಳು ನಗುತ್ತಾ, ಬಹಳ ಪ್ರೀತಿಯಿಂದಲೇ, 'ನಿಮ್ಮ ಕಡೆಯವರು ಚೆನ್ನಾಗಿ ತಿಂತೀರಲ್ವಾ' ಅಂದಳಂತೆ. ಬೈಗುಳವಲ್ಲ. ದೂರು ಕೊಡುವಂಥ ಮಾತಲ್ಲ. ತಂಗಿ ತಟ್ಟೆ ಇಟ್ಟು ಬಂದಳು. ಮಾರನೇ ದಿನ ಎರಡನೇ ಸಲ ಏಳಲಿಲ್ಲ. ಆಮೇಲೆ ಮೊದಲನೆಯದರಲ್ಲೇ ಬಿಡಲು ಶುರು. 'ಯಾರ್ಗೂ ನಾನು ಉಣ್ಣೋದು ಕಾಣ್ಬಾರ್ದು ಅನ್ಸ್ತಿತ್ತು. ಏನೂ ಬೇಡ್ದೇ ಇರೋಳಾಗ್ಬೇಕು ಅನ್ಸ್ತಿತ್ತು. ದಿನಾ ಇಳ್ದಂಗೂ ಇವತ್ತು ಗೆದ್ದೆ ಅನ್ಸದು. ಇನ್ಯಾವುದ್ರಲ್ಲೂ ನಾನು ಗೆದ್ದಿರ್ಲಿಲ್ಲ' ಅಂದಳು.

ಸೆರಗೊಡ್ಡಿ ಬೇಡಿದವಳ ಮೊಮ್ಮಗಳು ಏನೂ ಬೇಡದವಳಾಗಲು ಹೊರಟಿದ್ದಳು. ನನ್ನಲ್ಲಿದ್ದ ಕವಿ ಇದನ್ನು ಹಿಡಿದುಕೊಂಡು ಕುಣಿದ. ಆದರೆ ಅದೇ ಸಾಲಿನಲ್ಲಿ ಕೂತು, ಅಂಥದ್ದೇ ಮಾತು ಕೇಳಿ, ಬೈದುಕೊಂಡು ಹೊಟ್ಟೆತುಂಬ ಉಂಡು ಎದ್ದ ನಮ್ಮ ಹುಡುಗಿಯರು ನೂರಾರು. ಅವರಿಗೆ ಈ ಕಾಯಿಲೆ ಬರಲಿಲ್ಲ. 2019ರಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಸುಮಾರು 17 ಸಾವಿರ ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಈ ಕಾಯಿಲೆಗೆ ತಳುಕು ಹಾಕಿಕೊಂಡ ಎಂಟು ಜಾಗ ಗುರುತಿಸಿದರು. ಅದರ ನಂಟು ಮನಸ್ಸಿನ ಜೊತೆ ಮಾತ್ರವಲ್ಲ, ಮೈ ಅನ್ನವನ್ನು ಹೇಗೆ ಉರಿಸುತ್ತದೆ ಅನ್ನುವುದರ ಜೊತೆಗೂ ಇದೆ ಅಂತ ಕಂಡಿತು. ಹುಲ್ಲು ಒಣಗಿತ್ತು, ಕಿಡಿ ಬಿತ್ತು. ಕಿಡಿ ಹಾಕಿದ ವ್ಯವಸ್ಥೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿ ನನ್ನ ತಂಗಿಯನ್ನು ಒಂದು ಘೋಷಣೆ ಮಾಡಲಾರೆ.

ಇನ್ನೊಂದು ವಿಷಯ. ಅವಳು ಒಂದು ಸಲವೂ 'ನಾನು ದಪ್ಪ' ಅನ್ನಲಿಲ್ಲ. 'ಹೊಟ್ಟೆ ತುಂಬ್ಕಂಡಂಗದೆ, ಇಳಿಯಕಿಲ್ಲ' ಅನ್ನೋಳು. ಪುಸ್ತಕದಲ್ಲಿ ದಪ್ಪಗಾಗುವ ಭಯವೇ ಈ ಕಾಯಿಲೆಯ ಗುರುತು ಅಂತ ಬಹಳ ಕಾಲ ಇತ್ತು. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ತನ್ನ ರೋಗಿಗಳಲ್ಲಿ ಎಷ್ಟೋ ಜನ ಆ ಭಯವನ್ನೇ ಹೇಳುವುದಿಲ್ಲ, ಹೊಟ್ಟೆ ಉಬ್ಬರ ಅನ್ನುತ್ತಾರೆ ಅಂತ ತೊಂಬತ್ತರ ದಶಕದಲ್ಲಿ ಬರೆದ. 1995ರಲ್ಲಿ ದೆಹಲಿಯ ವೈದ್ಯರೂ ಐವರು ಯುವತಿಯರ ಕತೆ ಬರೆದರು: ಊಟ ಬೇಡ, ವಾಂತಿ, ಮುಟ್ಟಿಲ್ಲ, ಸವೆದ ಮೈ, ಆದರೆ ದಪ್ಪ ಅನ್ನುವ ಭ್ರಮೆ ಇಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ತಿದ್ದುಪಡಿಯಾದಾಗ, ಬಾಯಿಬಿಟ್ಟು ಭಯ ಹೇಳದಿದ್ದರೂ ತೂಕ ಏರಗೊಡದ ನಡವಳಿಕೆ ಇದ್ದರೆ ಸಾಕು ಅಂತಾಯಿತು. ಮುಟ್ಟು ನಿಂತಿರಲೇಬೇಕು ಅನ್ನುವ ನಿಯಮವನ್ನೂ ತೆಗೆದರು. ಬಿಳಿಯರ ಮನೆಯ ಹುಡುಗಿಯರನ್ನು ನೋಡಿ ಬರೆದ ಪಟ್ಟಿಗೆ ನಮ್ಮ ಹುಡುಗಿಯರು ಹೊಂದಲಿಲ್ಲ ಅಂತ ಎಷ್ಟು ಜನರನ್ನು ಟಾನಿಕ್ಕು ಕೊಟ್ಟು ಮನೆಗೆ ಕಳಿಸಿದರೋ.

ಇವರದು ಉಪವಾಸವಲ್ಲವಾ ಅಂತ ಸಂಘಟನೆಯ ಗೆಳೆಯನೊಬ್ಬ ಕೇಳಿದ. ಉಪವಾಸ ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧಿ ಯೆರವಾಡ ಜೈಲಿನಲ್ಲಿ ಅನ್ನ ಬಿಟ್ಟಾಗ ಇಡೀ ದೇಶ ಬಾಬಾಸಾಹೇಬರ ಮೇಲೆ ಬಿತ್ತು. ನಾಲ್ಕೇ ದಿನದಲ್ಲಿ, 24ನೇ ತಾರೀಖು, ಪುಣೆ ಒಪ್ಪಂದಕ್ಕೆ ಸಹಿ ಬಿತ್ತು, ನಮ್ಮ ಪ್ರತ್ಯೇಕ ಮತಕ್ಷೇತ್ರ ಹೋಯಿತು. ಉಪವಾಸಕ್ಕೆ ಒಂದು ಬೇಡಿಕೆ ಇರುತ್ತದೆ, ಅದು ಈಡೇರಿದರೆ ನಿಂಬೆರಸ ಇರುತ್ತದೆ, ಸುತ್ತ ಜನ ಇರುತ್ತಾರೆ. ನನ್ನ ತಂಗಿಗೆ ಬೇಡಿಕೆ ಇರಲಿಲ್ಲ. ಏನು ಕೊಟ್ಟರೆ ಬಿಡ್ತೀಯಾ ಅಂತ ಅವ್ವ ಕಾಲು ಹಿಡಿದು ಕೇಳಿದಳು. ಅವಳ ಬಳಿ ಉತ್ತರವೇ ಇರಲಿಲ್ಲ, ಕಾಯಿಲೆ ಅವಳಿಗೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಏಳು ವಾರ ಇದ್ದಳು. ಅಪ್ಪ ಕೂಲಿ ಬಿಟ್ಟ, ಎರಡು ಕುರಿ ಮಾರಿದ. ಆಮೇಲೆ ನಿಜವಾದ ಕೆಲಸ ಮನೆಯಲ್ಲಿ ನಡೆಯಿತು, ಅದನ್ನು ಮಾಡಿದವಳು ಅವ್ವ. ಗಲ್ ಸಾಹೇಬ ತನ್ನ ಕಾಲದಲ್ಲಿ ಇಂಥ ರೋಗಿಗಳ ಆರೈಕೆಗೆ ನಂಟರಷ್ಟು ಕೆಟ್ಟವರಿಲ್ಲ ಅಂತ ಬರೆದಿದ್ದ. ನೂರು ವರ್ಷದ ಮೇಲೆ, 1980ರ ದಶಕದಲ್ಲಿ, ಅದೇ ಲಂಡನ್ನಿನ ಮಾಡ್‌ಸ್ಲೇ ಆಸ್ಪತ್ರೆಯವರು ಅದನ್ನು ತಿರುಗಿಸಿ ಹಾಕಿದರು: ಎಳೆಯ ವಯಸ್ಸಿನವರಿಗೆ ಹೆತ್ತವರೇ ಮುಂದೆ ನಿಂತು ಉಣಿಸಲಿ, ಅವರ ಮೇಲೆ ತಪ್ಪು ಹೊರಿಸಬೇಡಿ, ಕಾಯಿಲೆ ಬೇರೆ ಮಗು ಬೇರೆ ಅಂತ ನೋಡಿ. ಮೇಡಂ ಇದನ್ನೇ ಅವ್ವನಿಗೆ ಅವಳ ಭಾಷೆಯಲ್ಲಿ ಹೇಳಿಕೊಟ್ಟರು. ದಿನಕ್ಕೆ ಆರು ಸಲ ಅವ್ವ ಎದುರು ಕೂತಳು. ಬೈಯಲಿಲ್ಲ, ಅಳಲಿಲ್ಲ, ಮೈ ಬಗ್ಗೆ ಒಂದು ಮಾತೂ ಆಡಲಿಲ್ಲ. 'ಮೈ ತುಂಬ್ಕಂಡೆ' ಅಂತ ಹೊಗಳಲೂ ಬಾರದು. 'ಗೊತ್ತು ಮಗ, ಕಷ್ಟ. ಇಳ್ಸು' ಅಷ್ಟೇ. ತಂಗಿ ತಟ್ಟೆ ಎಸೆದ ದಿನ ಇನ್ನೊಂದು ತಟ್ಟೆಗೆ ಇಕ್ಕಿಕೊಂಡು ಬಂದು ಕೂತಳು. ಮಗಳು ಉಣ್ಣಲಿ ಅಂತ ತಾನೂ ಜೊತೆಗೆ ಉಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಅವ್ವ ಗಂಡಸರಿಗಿಂತ ಮುಂಚೆ ಉಂಡದ್ದು ಅದೇ ಮೊದಲು.

ಹಳ್ಳಿಯ ಮೇಷ್ಟರುಗಳು ಈ ಪತ್ರಿಕೆ ಓದುತ್ತೀರಿ. ನಿಮ್ಮ ಕ್ಲಾಸಿನಲ್ಲಿ ಒಬ್ಬಳಿರಬಹುದು. ಬಹಳ ಮಾಡಿ ಮುಂದಿನ ಬೆಂಚಿನವಳು. ಗಲಾಟೆ ಇಲ್ಲ, ಅಕ್ಷರ ಮುತ್ತು, ನೀವೇ ಮೆಚ್ಚಿಕೊಂಡವಳು. ಬಿಸಿಯೂಟದಲ್ಲಿ ಎಲ್ಲರಿಗೂ ಬಡಿಸಲು ಮುಂದೆ ಬರುತ್ತಾಳೆ, ತಾನು ಕೂರುವುದಿಲ್ಲ. ಬಿಸಿಲಲ್ಲಿ ಚಳಿ ಅನ್ನುತ್ತಾಳೆ. ಕೂರಲಾಗದೆ ನಡೆಯುತ್ತಲೇ ಇರುತ್ತಾಳೆ. ಅವಳನ್ನು ಎಲ್ಲರ ಮುಂದೆ ಎಬ್ಬಿಸಿ ಉಣ್ಣು ಅನ್ನಬೇಡಿ, ತಕ್ಕಡಿ ಹತ್ತಿಸಬೇಡಿ. ಪಕ್ಕಕ್ಕೆ ಕರೆದು ಕೇಳಿ, ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಲು ಜೊತೆಗೆ ಹೋಗಿ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ-ಮನಸ್ ಇದೆ, 14416. ಕಾಸಿಲ್ಲ, ಕನ್ನಡದಲ್ಲಿ ಮಾತಾಡಬಹುದು. ತಲೆಸುತ್ತಿ ಬೀಳುವಂತಿದ್ದರೆ ಫೋನಿಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಬೇಗ ಸಿಕ್ಕರೆ ಬೇಗ ಏಳುತ್ತಾರೆ. 2002ರವರೆಗಿನ ನೂರಕ್ಕೂ ಹೆಚ್ಚು ವರದಿಗಳನ್ನು ಒಟ್ಟಿಗೆ ನೋಡಿದಾಗ, ಬದುಕುಳಿದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಪೂರ್ತಿ ಗುಣವಾಗಿದ್ದರು, ಮೂರನೇ ಒಂದು ಭಾಗ ಸುಧಾರಿಸಿದ್ದರು, ಐವರಲ್ಲಿ ಒಬ್ಬರನ್ನು ಕಾಯಿಲೆ ಬಿಟ್ಟಿರಲಿಲ್ಲ.

ನನ್ನ ತಂಗಿ ಇದರಲ್ಲಿ ಎಲ್ಲಿದ್ದಾಳೋ ಹೇಳಲಾರೆ. ಡಿಗ್ರಿ ಎರಡು ವರ್ಷ ತಡವಾಗಿ ಮುಗಿಯಿತು. ಅಜ್ಜಿ 2023ರಲ್ಲಿ ಹೋದಳು. ಹೋದ ಪಿತೃಪಕ್ಷದಲ್ಲಿ, ನಮ್ಮ ಕಡೆ ಮಾರ್ಲಮಿ ಹಬ್ಬ ಅಂತೀವಿ, ಅಜ್ಜಿಗೆ ಎಡೆ ಇಟ್ಟೆವು. ಮಾಂಸದ ಸಾರು, ಮುದ್ದೆ, ಅವಳಿಗೆ ಪ್ರೀತಿಯಾದ ಎಲೆಯಡಿಕೆ. ಎಡೆ ಎತ್ತಿದ ಮೇಲೆ ತಂಗಿ ನಮ್ಮ ಜೊತೆಗೇ ಸಾಲಿನಲ್ಲಿ ಕೂತಳು. ನಾನು ನನ್ನ ತಟ್ಟೆಯನ್ನೇ ನೋಡಿಕೊಂಡು ಉಂಡೆ, ಅಪ್ಪನೂ ಹಾಗೇ. ನಾವೆಲ್ಲ ಕೈ ತೊಳೆದು ಬಹಳ ಹೊತ್ತಾದ ಮೇಲೂ ಅವಳು ಉಣ್ಣುತ್ತಿದ್ದಳು, ಅವ್ವ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಾ ಯಾರದೋ ಮದುವೆಯ ಮಾತಾಡುತ್ತಿದ್ದಳು.

ಇದನ್ನು ಬರೆದು ಅವಳಿಗೆ ಓದಲು ಕೊಟ್ಟೆ. ಕೊನೆಯಲ್ಲಿ 'ನನ್ನ ತಂಗಿ ಗೆದ್ದಳು' ಅಂತ ಒಂದು ಸಾಲಿತ್ತು. ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿದಳು. 'ಆ ಮಾತು ಬ್ಯಾಡ ಕಣಣ್ಣ' ಅಂದಳು. ತೆಗೆದಿದ್ದೇನೆ.